ಹೈದರಾಬಾದಿನ ಒಳಚರಂಡಿ ಮತ್ತು ನಮ್ಮ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕನ್ನಂಬಾಡಿ ಕಟ್ಟೆ, ಜರಿಯಂಚಿನ ಮೈಸೂರು ಪೇಟ, ಗರಿಗರಿಯಾದ ಕೋಟು. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಮೇಣದಬತ್ತಿಯ ಕಥೆ, ರೈಲು ಹಳಿಯ ಕಥೆ ತಪ್ಪದೆ ಬರುತ್ತವೆ. ಅವು ನಡೆದದ್ದೋ ಕಟ್ಟಿದ್ದೋ, ಮಕ್ಕಳಿಗೆ ಹೇಳಲು ಚೆನ್ನಾಗಿವೆ. ಆದರೆ ಹೈದರಾಬಾದಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಅವರೊಂದಿಗೆ ಇನ್ನೂ ಒಂದು ನಂಟಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ವಿಷಯ ಚರಂಡಿಯದಾದ್ದರಿಂದ ಇರಬಹುದು.

ಮೂಸಿ ನದಿಯ ಪ್ರವಾಹ ತಡೆಯಲು ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳನ್ನು ಸೂಚಿಸಿದವರು ಅವರೇ ಎಂಬುದು ಇಲ್ಲಿ ಹಲವರಿಗೆ ಗೊತ್ತು. ಗಂಡಿಪೇಟೆಗೆ ಪಿಕ್‌ನಿಕ್ ಹೋದಾಗ ಹೇಳಿಕೊಂಡು ಹೆಮ್ಮೆ ಪಡುತ್ತೇವೆ. ಅದೇ ಕೆಲಸದ ಇನ್ನರ್ಧ ನಾಂಪಲ್ಲಿ, ಅಫ್ಜಲ್‌ಗಂಜ್, ಬೇಗಂ ಬಜಾರಿನಂಥ ಪ್ರದೇಶಗಳ ರಸ್ತೆಗಳ ಕೆಳಗೆ ಮಣ್ಣಿನಲ್ಲಿದೆ. ಕಣ್ಣಿಗೆ ಕಾಣುವುದಿಲ್ಲ, ಕೆಟ್ಟು ನಿಂತಾಗ ಮಾತ್ರ ಮೂಗಿಗೆ ತಿಳಿಯುತ್ತದೆ. ಈ ಬರಹ ಆ ಅರ್ಧದ ದಾರಿ ಹಿಡಿದು ಅವರ ಬದುಕನ್ನು ನೋಡುವ ಪ್ರಯತ್ನ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿನ ಮೋಕ್ಷಗುಂಡಂ ಇಂದಿನ ಆಂಧ್ರದ ಗಿದ್ದಲೂರಿನ ಕಡೆಯ ಊರು. ಅವರ ಹಿರಿಯರು ಅಲ್ಲಿಂದ ಕನ್ನಡ ನಾಡಿಗೆ ವಲಸೆ ಬಂದವರು. ನಾವು ಕನ್ನಡ ನಾಡಿನಿಂದ ತೆಲುಗು ನಾಡಿಗೆ ಬಂದವರು. ಲೆಕ್ಕ ಸರಿಹೋಯಿತು ಎಂದು ನಗಬಹುದು.

ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮಕ್ಕಳಿಗೆ ಮನೆಪಾಠ ಹೇಳಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಇಲ್ಲಿಂದ ಮುಂದಿನ ಇಪ್ಪತ್ತನಾಲ್ಕು ವರ್ಷ ಅವರು ಮೈಸೂರಿನವರಲ್ಲ, ಮುಂಬಯಿ ಪ್ರಾಂತ್ಯದವರು. ನಾವು ಬಿಟ್ಟುಬಿಡುವ ಅಧ್ಯಾಯ ಇದೇ. ಅವರ ಕೈ ಪಳಗಿದ್ದು ಮಾತ್ರ ಇಲ್ಲಿ, ಅದೂ ದೊಡ್ಡ ಅಣೆಕಟ್ಟುಗಳಿಗಿಂತ ಹೆಚ್ಚಾಗಿ ಊರುಗಳಿಗೆ ಕುಡಿಯುವ ನೀರು ಕೊಡುವ ಕೆಲಸದಲ್ಲಿ.

ಸಿಂಧ್ ಪ್ರಾಂತ್ಯದ ಸುಕ್ಕೂರ್ ಊರಿನ ಕೆಲಸ ಕೇಳಿ. ಊರ ಪಕ್ಕದಲ್ಲೇ ಸಿಂಧೂ ನದಿ ತುಂಬಿ ಹರಿಯುತ್ತದೆ, ಆದರೆ ನೀರು ಕೆಸರುಗಪ್ಪು. ಶೋಧಿಸಲು ದೊಡ್ಡ ಮರಳು ತೊಟ್ಟಿಗಳನ್ನು ಕಟ್ಟಬೇಕು, ಪುರಸಭೆಯ ಹತ್ತಿರ ಅಷ್ಟು ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಬಾವಿಯ ತಳದಿಂದ ನದಿಯ ಅಡಿಗೆ ಸುರಂಗ ಕೊರೆಸಿದರು. ನದಿಯ ನೀರು ತನ್ನದೇ ಮರಳಿನ ಮೂಲಕ ಜಿನುಗಿ, ಸೋಸಿಕೊಂಡು, ತಿಳಿಯಾಗಿ ಬಾವಿಗೆ ಬಂತು. ಅದನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ ಊರಿಗೆ ಹರಿಸಿದರು. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ ಹೆಂಗಸರು ಚಿಪ್ಪಿನಿಂದ ನೀರು ತುಂಬುತ್ತಿದ್ದದ್ದನ್ನು ಅಜ್ಜಿಯರಿಂದ ಕೇಳಿದವರಿಗೆ ಇದು ಹೊಸತೆನಿಸದು. ಅದೇ ತತ್ವವನ್ನು ಒಂದು ಪಟ್ಟಣದ ಅಳತೆಗೆ ಹಿಗ್ಗಿಸಿದ್ದರು.

ಆಮೇಲೆ ಸೂರತ್, ಪುಣೆ, ಧಾರವಾಡ, ಬಿಜಾಪುರ ಹೀಗೆ ಹಲವೆಡೆ ನೀರಿನ ಕೆಲಸಗಳು. ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದ್ದೂ ಈ ಕಾಲದಲ್ಲಿ. ಅದರ ಬಗ್ಗೆ ಸಾಕಷ್ಟು ಬರೆದಿದ್ದಾರೆ, ಇಲ್ಲಿ ಬೇಡ. ಕಡಿಮೆ ಹೇಳಿರುವುದು ಅವರು ಮುಂಬಯಿ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಆಗಿದ್ದರು, ಸ್ಯಾನಿಟರಿ ಬೋರ್ಡಿನ ಸದಸ್ಯರಾಗಿದ್ದರು ಎಂಬುದು. ಅಂದರೆ ಊರಿಗೆ ಒಳ್ಳೆಯ ನೀರು ತರುವುದು, ಕೆಟ್ಟ ನೀರನ್ನು ಊರಾಚೆ ಸಾಗಿಸುವುದು, ಎರಡೂ ಅವರ ಅಧಿಕೃತ ಕೆಲಸವಾಗಿತ್ತು. 1906ರಲ್ಲಿ ಸರ್ಕಾರ ಅವರನ್ನು ಏಡನ್‌ಗೆ ಕಳಿಸಿತು. ಈಗ ಯೆಮೆನ್ ದೇಶಕ್ಕೆ ಸೇರಿರುವ ಆ ಬಂದರು ಆಗ ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿತ್ತು. ಮಳೆಯೇ ಅಪರೂಪವಾದ ಊರು. ಒಳನಾಡಿನ ಲಹೇಜ್ ಪ್ರದೇಶದ ಒಣ ನದಿಯ ಮರಳಿನಡಿಯ ನೀರನ್ನು ತರುವ ಯೋಜನೆಯ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಮಾಡಿಕೊಟ್ಟರು. ನೀರು ಮತ್ತು ಚರಂಡಿ ಅವರ ಲೆಕ್ಕದಲ್ಲಿ ಎಂದೂ ಬೇರೆಬೇರೆ ಫೈಲುಗಳಾಗಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಚೀಫ್ ಎಂಜಿನಿಯರ್ ಪದವಿ ಆಗ ಬಿಳಿಯರಿಗೇ ಮೀಸಲು. ಅದು ತಮಗೆ ಸಿಗುವುದಿಲ್ಲ ಎಂದು ಅರಿತು, ಪೂರ್ತಿ ಸೇವೆ ಮುಗಿಯುವ ಮೊದಲೇ 1908ರಲ್ಲಿ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಯುರೋಪಿನಲ್ಲಿದ್ದಾಗ ಹೈದರಾಬಾದ್ ನಿಜಾಮರ ಸರ್ಕಾರದಿಂದ ಕರೆ ಬಂತು.

ಹೈದರಾಬಾದಿನಲ್ಲಿ ಆಗಿದ್ದೇನೆಂದರೆ, 1908ರ ಸೆಪ್ಟೆಂಬರ್ 28ರಂದು ಮೂಸಿ ಊರೊಳಗೆ ನುಗ್ಗಿತ್ತು. ನಮಗೆ ಈಗ ವಿಮಾನ ನಿಲ್ದಾಣದಿಂದ ಪರಿಚಿತವಾಗಿರುವ ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ, 48 ಗಂಟೆಯಲ್ಲಿ 18.9 ಅಂಗುಲ ಮಳೆ ಬಿದ್ದಿತ್ತು. ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳ ಮೇಲೆ ನೀರು ಹರಿದು ಅವು ಕಿತ್ತುಹೋದವು. ಕುತುಬ್‌ಶಾಹಿ ಕಾಲದ ಪುರಾನಾಪುಲ್ ಮಾತ್ರ ಪೆಟ್ಟು ತಿಂದು ನಿಂತಿತು. ಸತ್ತವರು ಸುಮಾರು 15 ಸಾವಿರ ಎಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಿಸೆ ಮರ ಹತ್ತಿ ಕುಳಿತ ಸುಮಾರು 150 ಜನ ಬದುಕಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರದ ಕಥೆಯನ್ನು ಹಳೆಯ ಹೈದರಾಬಾದಿಗಳು ಇಂದಿಗೂ ಹೇಳುತ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರ ತಾಯಿ, ಹೆಂಡತಿ, ಮಗಳು ಮೂವರೂ ಆ ನೀರಿನಲ್ಲಿ ಹೋದರು. ಅವರೊಬ್ಬರೇ ಉಳಿದರು.

ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಇನ್ನೊಂದು ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿ ಗೋಲ್ಡನ್ ಥ್ರೆಶೋಲ್ಡ್ ಎಂಬ ಮನೆ ಇದೆ, ಸರೋಜಿನಿ ನಾಯ್ಡು ಅವರದು. ಪ್ರವಾಹದಲ್ಲಿ ಮನೆ ಮಠ ಕಳೆದುಕೊಂಡವರ ನಡುವೆ ಅವರು ಮಾಡಿದ ಕೆಲಸಕ್ಕೆ ಬ್ರಿಟಿಷ್ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ಜಲಿಯನ್‌ವಾಲಾ ಬಾಗ್ ಆದ ಮೇಲೆ ಅದನ್ನು ಹಿಂದಿರುಗಿಸಿದರು. ನಾವು ಮೆಟ್ರೊ ಇಳಿದು ಸರಸರನೆ ನಡೆಯುವ ರಸ್ತೆ ಅದು. ನಾಂಪಲ್ಲಿ ರೈಲು ನಿಲ್ದಾಣ ಪ್ರವಾಹದ ಹಿಂದಿನ ವರ್ಷ, 1907ರಲ್ಲಿ ಕಟ್ಟಿದ್ದು.

ವಿಶ್ವೇಶ್ವರಯ್ಯನವರು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು. ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಅವರಿಗೆ ವಹಿಸಿದ್ದು ಮೂರು ಕೆಲಸ: ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಇನ್ನೊಮ್ಮೆ ಇಂಥ ಪ್ರವಾಹ ಬರದಂತೆ ಉಪಾಯ, ನಗರಕ್ಕೆ ಪೂರ್ಣ ಒಳಚರಂಡಿ ಯೋಜನೆ. ಮೂರನೆಯದು ಮೊದಲಿನಿಂದಲೂ ಪಟ್ಟಿಯಲ್ಲಿತ್ತು ಎಂಬುದನ್ನು ಗಮನಿಸಬೇಕು.

ಅವರು ಮೊದಲು ಮಾಡಿದ್ದು ಲೆಕ್ಕ. ಮೂಸಿಗೆ ನೀರು ಬಂದು ಸೇರುವ ಪ್ರದೇಶದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಆ ಮಳೆಗೆ ಒಡೆದಿದ್ದವು. ಒಂದು ಕೆರೆ ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗಿ, ಅದರ ಕಟ್ಟೆಯೂ ಹೋಗಿ, ಹೀಗೆ ಸರಪಳಿಯಾಗಿ ಊರ ಮೇಲೆ ಬಿದ್ದಿತ್ತು. ಆಕಾಶದಿಂದ ಬಿದ್ದದ್ದು ಮಳೆ, ಊರನ್ನು ಕೊಂದದ್ದು ಕೆರೆಗಳ ಏರಿಯ ದುರವಸ್ಥೆಯೂ ಹೌದು. ದೇವರ ಮುನಿಸು ಎಂದು ಊರು ನಂಬಿದ್ದ ಸಂಗತಿಯನ್ನು ಅವರು ಅಂಗುಲ, ಚದರ ಮೈಲಿ, ಗಂಟೆಗಳ ಭಾಷೆಗೆ ತಂದರು. ನನಗೆ ಅವರ ಇಡೀ ಬದುಕಿನಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದು. ಸಮಸ್ಯೆಗೆ ಅಳತೆ ಸಿಕ್ಕ ಕೂಡಲೇ ಅದು ಭಯವಾಗಿ ಉಳಿಯುವುದಿಲ್ಲ, ಕೆಲಸವಾಗುತ್ತದೆ.

ಪರಿಹಾರವಾಗಿ ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಸೂಚಿಸಿದರು. ಇವು ಅಣೆಕಟ್ಟುಗಳೇ ಆದರೂ ಉದ್ದೇಶ ನೀರು ಕೂಡಿಡುವುದಕ್ಕಿಂತ ಹೆಚ್ಚಾಗಿ ನೀರನ್ನು ತಡೆದು ನಿಧಾನಿಸುವುದು. ದಿಢೀರನೆ ಬರುವ ಪ್ರವಾಹವನ್ನು ಹಿಡಿದಿಟ್ಟುಕೊಂಡು, ನದಿ ತಡೆದುಕೊಳ್ಳಬಲ್ಲಷ್ಟನ್ನೇ ಕೆಳಗೆ ಬಿಡಬೇಕು. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಇದಕ್ಕೆ ಬಫರ್ ಎನ್ನುತ್ತೇವೆ. ಬಫರ್ ಕೆಲಸ ಮಾಡಬೇಕಾದರೆ ಅದರಲ್ಲಿ ಖಾಲಿ ಜಾಗ ಇರಬೇಕು. ಕುಡಿಯುವ ನೀರಿಗೆಂದು ಜಲಾಶಯವನ್ನು ಅಂಚಿನವರೆಗೆ ತುಂಬಿಸಿಟ್ಟರೆ ಪ್ರವಾಹಕ್ಕೆ ಜಾಗವಿಲ್ಲ, ಪ್ರವಾಹಕ್ಕೆಂದು ಖಾಲಿ ಇಟ್ಟರೆ ಬೇಸಿಗೆಗೆ ನೀರಿಲ್ಲ. ಈ ಎಳೆದಾಟ ಅಂದಿನಿಂದ ಇಂದಿನವರೆಗೂ ಪ್ರತಿ ಮಳೆಗಾಲದಲ್ಲಿ ಇದ್ದೇ ಇದೆ.

ಇನ್ನು ಚರಂಡಿ. ಆಗಿನ ಹೈದರಾಬಾದಿಗೆ ನೀರು ಬರುತ್ತಿದ್ದುದು ಮುಖ್ಯವಾಗಿ ಮೀರ್ ಆಲಂ ಕೆರೆ, ಹುಸೇನ್ ಸಾಗರ ಮತ್ತು ಬಾವಿಗಳಿಂದ. ಬಳಸಿದ ನೀರು ಮನೆ ಮುಂದಿನ ಮೋರಿಗೆ, ಮೋರಿಯಿಂದ ನಾಲೆಗೆ, ನಾಲೆಯಿಂದ ಮೂಸಿಗೆ. ಕಕ್ಕಸುಗಳ ಮಲವನ್ನು ಮನುಷ್ಯರೇ ಬಳಿದು ಹೊತ್ತು ಸಾಗಿಸಬೇಕಿತ್ತು. ಪ್ರವಾಹ ಬಂದಾಗ ಮೋರಿ, ಗುಂಡಿ, ಬಾವಿ ಎಲ್ಲ ಒಂದೇ ನೀರಾಗುತ್ತದೆ. ಮುಳುಗಿ ಸತ್ತವರ ಲೆಕ್ಕ ಪತ್ರಿಕೆಗೆ ಬರುತ್ತದೆ. ಆಮೇಲಿನ ವಾರಗಳಲ್ಲಿ ವಾಂತಿಭೇದಿಗೆ, ವಿಷಮಶೀತಜ್ವರಕ್ಕೆ ಹೋಗುವವರ ಲೆಕ್ಕ ಮನೆಯೊಳಗೇ ಉಳಿಯುತ್ತದೆ. ರೋಗಿಯ ಬಟ್ಟೆ ಒಗೆಯುವವಳು, ಮಗುವಿಗೆ ನೀರು ಕುಡಿಸುವವಳು ಯಾರೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಇದಕ್ಕೂ ಹನ್ನೆರಡು ವರ್ಷ ಮೊದಲು, 1897ರಲ್ಲಿ, ಪಕ್ಕದ ಸಿಕಂದರಾಬಾದಿನಲ್ಲೇ ರೊನಾಲ್ಡ್ ರಾಸ್ ಮಲೇರಿಯಾ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡಿದ್ದರು. ಕಾರಣ ಗೊತ್ತಾಗಿತ್ತು. ನಿಂತ ನೀರನ್ನು ಹರಿಸುವವರು ಬೇಕಿತ್ತು.

ಒಳಚರಂಡಿ ಎಂದರೆ ನೆಲದಡಿ ಒಂದು ಕೊಳವೆ ಹೂಳುವುದಲ್ಲ. ಕೊಳವೆಗೆ ಸರಿಯಾದ ವಾಟ ಬೇಕು. ಇಳಿಜಾರು ಕಡಿಮೆಯಾದರೆ ಹರಿವು ಮಂದವಾಗಿ ಹೂಳು ಕೂರುತ್ತದೆ. ಜಾಸ್ತಿಯಾದರೆ ಆಳ ಹೆಚ್ಚುತ್ತ ಹೋಗಿ ಖರ್ಚು ಏರುತ್ತದೆ, ಕೊಳವೆ ಸವೆಯುತ್ತದೆ. ಮನೆಯ ಸಣ್ಣ ಕೊಳವೆ ಗಲ್ಲಿಯದಕ್ಕೆ, ಗಲ್ಲಿಯದು ರಸ್ತೆಯದಕ್ಕೆ, ರಸ್ತೆಯದು ನದಿಗುಂಟ ಹೋಗುವ ದೊಡ್ಡ ಕಾಲುವೆಗೆ ಸೇರಬೇಕು. ತಿರುವಿನಲ್ಲಿ, ಕೂಡುವಲ್ಲಿ ಮ್ಯಾನ್‌ಹೋಲ್ ಬೇಕು. ಮಳೆಯ ನೀರು ಇದರೊಳಗೆ ನುಗ್ಗಬಾರದು, ಅದಕ್ಕೆ ಬೇರೆ ದಾರಿ ಇರಬೇಕು. ಕೊನೆಗೆ ಎಲ್ಲವೂ ಊರ ಕೆಳಭಾಗಕ್ಕೆ ಬಂದ ಮೇಲೆ ನದಿಗೆ ಬಿಡದೆ ಶುದ್ಧಿ ಮಾಡಿ ಹೊಲಕ್ಕೆ ಗೊಬ್ಬರದ ನೀರಾಗಿ ಹಾಯಿಸಬೇಕು. ಹೈದರಾಬಾದಿಗೆ ಒಂದು ಅನುಕೂಲವಿತ್ತು, ಮೂಸಿ ಊರ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ನೆಲವೂ ಆ ಕಡೆಗೇ ವಾಲಿದೆ. ನದಿ ಹೋಗುವ ದಾರಿಯಲ್ಲೇ ಕೊಳಚೆಯೂ ಹೋಗಬಹುದು, ಆದರೆ ನದಿಯೊಳಗಲ್ಲ. ಇಡೀ ಯೋಜನೆಯ ಜೀವಾಳ ಈ ಒಂದು ಬೇರ್ಪಡಿಕೆಯಲ್ಲಿದೆ.

1909ರ ಅಕ್ಟೋಬರ್ 1ರಂದು ವರದಿ ಒಪ್ಪಿಸಿದರು. ಬಂದು ಆರು ತಿಂಗಳೂ ಆಗಿರಲಿಲ್ಲ. ಕಂಪ್ಯೂಟರ್ ಇಲ್ಲ, ಉಪಗ್ರಹ ನಕ್ಷೆ ಇಲ್ಲ, ಅಕ್ಕಪಕ್ಕದ ಪ್ರಾಂತ್ಯಗಳಿಂದ ತರಿಸಿಕೊಂಡ ಮಳೆಯ ಅಂಕಿಗಳು ಮತ್ತು ಊರ ಗಲ್ಲಿಗಳ ಸರ್ವೆ. ಅಷ್ಟರಲ್ಲಿ ಮೈಸೂರು ಮಹಾರಾಜರಿಂದ ಚೀಫ್ ಎಂಜಿನಿಯರ್ ಆಗಿ ಬರಬೇಕೆಂದು ಕರೆ ಬಂದಿತ್ತು. ನವೆಂಬರ್‌ನಲ್ಲಿ ಹೊರಟೇಬಿಟ್ಟರು. ಒಂದು ಗುದ್ದಲಿಯೂ ನೆಲಕ್ಕೆ ಬಿದ್ದಿರಲಿಲ್ಲ. ಪ್ರಾಜೆಕ್ಟ್ ಕೈ ಬದಲಿಸಿದ ಮೇಲೆ ಹಳೆಯ ದಾಖಲೆ ಓದಿ ತಲೆ ಕೆರೆದುಕೊಳ್ಳುವ ಅನುಭವ ನಮ್ಮಲ್ಲಿ ಬಹಳ ಜನಕ್ಕಿದೆ. ಇಲ್ಲಿ ಬರೆದವರು ಹೊರಟುಹೋದ ಮೇಲೂ ಬೇರೆಯವರು ಆ ವರದಿ ಹಿಡಿದು ಎರಡು ದಶಕ ಕೆಲಸ ಮಾಡಿದರು.

ಮೈಸೂರಿನ ಕಥೆ ನಿಮಗೆಲ್ಲ ಗೊತ್ತಿದೆ. 1912ರಿಂದ 1918ರವರೆಗೆ ದಿವಾನರು, ಕನ್ನಂಬಾಡಿ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ, ಮುಂದೆ ಭದ್ರಾವತಿ. ಮಲೇರಿಯಾದಿಂದ ಊರಿಗೆ ಊರೇ ಖಾಲಿಯಾಗುತ್ತಿದ್ದ ಮಲೆನಾಡಿಗೆ ಸುಧಾರಣಾ ಯೋಜನೆಯೊಂದನ್ನು ತಂದದ್ದನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬಹುದು.

ನಾವು ಹೈದರಾಬಾದಿನಲ್ಲೇ ನಿಲ್ಲೋಣ. 1911ರಲ್ಲಿ ಇಲ್ಲಿ ಪ್ಲೇಗು ಬಂತು. ಅದೇ ವರ್ಷ ಮಹಬೂಬ್ ಅಲಿ ಖಾನರು ತೀರಿಕೊಂಡು ಮಗ ಮೀರ್ ಉಸ್ಮಾನ್ ಅಲಿ ಖಾನ್ ನಿಜಾಮರಾದರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಪ್ರವಾಹ ಕೊಟ್ಟ ಪೆಟ್ಟು, ಪ್ಲೇಗು ಕೊಟ್ಟ ಹೆದರಿಕೆ, ಕೈಯಲ್ಲಿದ್ದ ವರದಿ, ಮೂರೂ ಕೂಡಿಬಂದವು. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಹಿರಿಯ ರಾಜಕುಮಾರ ಹಿಮಾಯತ್ ಅಲಿ ಖಾನರ ಹೆಸರಿನ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾಯಿತು. ಆ ಹೊತ್ತಿಗೆ ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದವರು ನವಾಬ್ ಅಲಿ ನವಾಜ್ ಜಂಗ್, ಅವರ ಹುಟ್ಟುಹಬ್ಬ ಜುಲೈ 11 ಈಗ ತೆಲಂಗಾಣದ ಎಂಜಿನಿಯರುಗಳ ದಿನ. ನಮ್ಮವರೊಬ್ಬರೇ ಎಲ್ಲವನ್ನೂ ಮಾಡಿದರು ಎಂದು ಹೇಳಿಕೊಳ್ಳುವಾಗ ಈ ಹೆಸರನ್ನೂ ಜೊತೆಗೆ ಹೇಳುವುದು ನ್ಯಾಯ. ನದಿ ದಂಡೆಗೆ ಗೋಡೆ ಬಂತು. ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆ, ಸಿಟಿ ಕಾಲೇಜು ದಂಡೆಯ ಮೇಲೆ ಎದ್ದುನಿಂತವು.

ನಾಂಪಲ್ಲಿ ನದಿಗೆ ಅಂಟಿಕೊಂಡ ಊರಲ್ಲ, ಉತ್ತರಕ್ಕೆ ಸ್ವಲ್ಪ ದೂರ. ಆದರೂ ಮಂಡಳಿ ಕೈ ಹಾಕಿದ ಕಿಕ್ಕಿರಿದ ಬಸ್ತಿಗಳಲ್ಲಿ ನಾಂಪಲ್ಲಿಯೂ ಒಂದು, ಮುಘಲ್‌ಪುರ, ಸುಲ್ತಾನ್‌ಶಾಹಿಗಳ ಹಾಗೆ. ಗಾಳಿ ಬೆಳಕಿಲ್ಲದ ಒತ್ತೊತ್ತು ಮನೆಗಳನ್ನು ಕೆಡವಿ ರಸ್ತೆ ಅಗಲ ಮಾಡಿದರು, ಬಯಲು ಬಿಟ್ಟರು, ಬಾಡಿಗೆಗೆ ಮಾದರಿ ಮನೆಗಳನ್ನು ಕಟ್ಟಿದರು. 1935ರಲ್ಲಿ ಎದ್ದ ಮೊಅಜ್ಜಂ ಜಾಹಿ ಮಾರುಕಟ್ಟೆ ಇದೇ ಮಂಡಳಿಯ ಕೆಲಸ. ನಾವು ಹಣ್ಣಿನ ಐಸ್‌ಕ್ರೀಮಿಗೆ ಹೋಗುವ ಆ ಗಡಿಯಾರ ಗೋಪುರದ ಕಟ್ಟಡ ನಗರ ಆರೋಗ್ಯದ ಯೋಜನೆಯ ಕೂಸು ಎಂದು ಯಾರು ನೆನೆಯುತ್ತಾರೆ! ಕೆಡವಿದ ಮನೆಗಳಲ್ಲಿದ್ದವರೆಲ್ಲ ಹೊಸ ಮನೆಗಳಿಗೇ ಹೋಗಲು ಸಾಧ್ಯವಾಯಿತೇ ಎಂಬುದು ಬೇರೆ ಪ್ರಶ್ನೆ. ಇಂಥ ಕೆಲಸಗಳಲ್ಲಿ ರಸ್ತೆ ಅಗಲವಾದ ಮೇಲೆ ಬಾಡಿಗೆಯೂ ಏರುವುದು ನಾವು ಕಂಡದ್ದೇ.

ಜಲಾಶಯದ ನೀರು ಕೊಳಾಯಿಗೆ ಬಂದದ್ದು ಹೆಂಗಸರ ಪಾಲಿಗೆ ಎಷ್ಟು ದೊಡ್ಡ ಬದಲಾವಣೆ ಎಂಬುದನ್ನು ಬಾವಿಯಿಂದ ಸೇದಿದವರೇ ಬಲ್ಲರು. ಆದರೆ ಅಲ್ಲೇ ಒಂದು ತೊಡಕು ಕಾದಿತ್ತು. ಹೊತ್ತು ತಂದ ನೀರನ್ನು ಯಾರೂ ಧಾರಾಳವಾಗಿ ಚೆಲ್ಲುವುದಿಲ್ಲ. ಕೊಳಾಯಿ ಬಂದರೆ ಬಳಕೆ ಹೆಚ್ಚುತ್ತದೆ, ಬಳಸಿದಷ್ಟೂ ಕೊಳಚೆ ಹೆಚ್ಚುತ್ತದೆ. ಒಳಚರಂಡಿ ಹಿಂದೆ ಬಿದ್ದು ನೀರು ಮಾತ್ರ ಮುಂದೆ ಬಂದರೆ, ಊರು ಮೊದಲಿಗಿಂತ ಹೆಚ್ಚು ಒದ್ದೆಯಾಗುತ್ತದೆ, ಹೆಚ್ಚು ಸೊಳ್ಳೆಯಾಗುತ್ತದೆ. ಹೈದರಾಬಾದಿನಲ್ಲೂ ಜಲಾಶಯ ಮೊದಲಾಯಿತು, ಚರಂಡಿ ಹಿಂದುಳಿಯಿತು. ಇದಕ್ಕಾಗಿಯೇ ಸರ್ಕಾರ 1922ರಲ್ಲಿ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಿಕೊಂಡಿತು. ಆಗ ಅವರಿಗೆ ಅರವತ್ತು ದಾಟಿತ್ತು, ದಿವಾನಗಿರಿ ಮಾಡಿ ಬಿಟ್ಟಾಗಿತ್ತು, ಸರ್ ಪದವಿ ಬಂದು ಏಳು ವರ್ಷವಾಗಿತ್ತು. ಒಂದು ಸಂಸ್ಥಾನವನ್ನೇ ನಡೆಸಿದ ಮನುಷ್ಯ ಇನ್ನೊಂದು ಸಂಸ್ಥಾನದ ಗಲ್ಲಿಯ ಕೊಳವೆ ನೋಡಲು ಬಂದರು. 1930ರಲ್ಲಿ ನಗರದ ಸುಧಾರಣೆಯ ಬಗ್ಗೆ ಸಲಹೆ ಕೊಡಲು ಮತ್ತೊಮ್ಮೆ ಬಂದರು. ಕನ್ನಂಬಾಡಿಗಿಂತ ಈ ಎರಡು ಪ್ರಯಾಣಗಳಲ್ಲಿ ನನಗೆ ಅವರು ಹೆಚ್ಚು ದೊಡ್ಡವರಾಗಿ ಕಾಣುತ್ತಾರೆ. ಅಣೆಕಟ್ಟು ಕಟ್ಟಿದರೆ ಊರ ಕಣ್ಣಿಗೆ ಬೀಳುತ್ತದೆ, ಉದ್ಘಾಟನೆಗೆ ಮಹಾರಾಜರು ಬರುತ್ತಾರೆ. ಮನೆಮನೆಯ ಮೋರಿಯನ್ನು ರಸ್ತೆಯ ಕೊಳವೆಗೆ ಜೋಡಿಸುವ ಕೆಲಸಕ್ಕೆ ಹಾರ ಹಾಕುವವರಿಲ್ಲ. ಅಷ್ಟೇ ಅಲ್ಲ, ಜಲಾಶಯವನ್ನು ಸರ್ಕಾರ ಒಂದೇ ಕಟ್ಟಬಹುದು, ಒಳಚರಂಡಿಗೆ ಪ್ರತಿ ಮನೆಯೂ ಒಪ್ಪಿ ಸೇರಬೇಕು. ಒಂದು ಗಲ್ಲಿಯಲ್ಲಿ ಹತ್ತು ಮನೆ ಸೇರಿ ಎರಡು ಬಿಟ್ಟರೂ ಗಲ್ಲಿ ನಾರುತ್ತಲೇ ಇರುತ್ತದೆ.

1931ರಲ್ಲಿ ಒಳಚರಂಡಿ ಜಾಲ ಬಳಕೆಗೆ ಬಂತು. 54 ಚದರ ಕಿಲೋಮೀಟರ್ ವ್ಯಾಪ್ತಿ, 4.68 ಲಕ್ಷ ಜನರಿಗೆ ಸಾಕಾಗುವಷ್ಟು ಅಳತೆ. ದೇಶದ ಬಹಳಷ್ಟು ಊರುಗಳಲ್ಲಿ ತೆರೆದ ಮೋರಿಯೇ ಗತಿಯಾಗಿದ್ದ ಕಾಲ ಅದು.

ವಿಶ್ವೇಶ್ವರಯ್ಯನವರ ಬದುಕನ್ನು ಪೂಜೆಯಾಗಿ ಮಾತ್ರ ಬರೆದರೆ ಒಂದು ಸಂಗತಿ ಬಿಟ್ಟುಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದ ವರ್ಗದವರಿಗೆ ಸರ್ಕಾರಿ ಕೆಲಸಗಳಲ್ಲಿ ಹೆಚ್ಚು ಪಾಲು ಕೊಡಬೇಕೆಂಬ ವಿಷಯದಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆ ಒಂದೇ ಅಳತೆಗೋಲಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, 1918ರಲ್ಲಿ ದಿವಾನ ಪದವಿ ಬಿಟ್ಟರು. ಚರಂಡಿಯ ವಿಷಯ ಬರೆಯುವಾಗ ಇದನ್ನು ನೆನೆಯದಿರುವುದು ಕಷ್ಟ. ಮೋರಿ ತೆಗೆಯುವ, ಕಕ್ಕಸು ಬಳಿಯುವ ಕೆಲಸಕ್ಕೆ ಯಾವ ಪರೀಕ್ಷೆಯೂ ಇರಲಿಲ್ಲ, ಅದು ಹುಟ್ಟಿನಿಂದಲೇ ಮೀಸಲಾಗಿತ್ತು. ಒಳಚರಂಡಿ ಬಂದ ಕಡೆ ತಲೆಯ ಮೇಲಿನ ಬುಟ್ಟಿ ಇಳಿಯಿತು ನಿಜ, ಆ ಮಟ್ಟಿಗೆ ಅವರ ಕೊಳವೆಗಳು ಅವರ ಅಭಿಪ್ರಾಯಕ್ಕಿಂತ ಮುಂದೆ ಹೋದವು. ಆದರೆ ಕೊಳವೆ ಕಟ್ಟಿಕೊಂಡಾಗ ಮ್ಯಾನ್‌ಹೋಲಿಗೆ ಇಳಿದವರು ಅದೇ ಕೇರಿಯವರು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲಿ ಆದೇಶ ಮಾಡಬೇಕಾಯಿತು. ದೇಶದ ಕಾನೂನು 1993ರಲ್ಲಿ ಬಂತು, ಇನ್ನೂ ಬಿಗಿಯಾದದ್ದು 2013ರಲ್ಲಿ. ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸತ್ತವರ ಸುದ್ದಿ ಇವತ್ತಿಗೂ ನಿಂತಿಲ್ಲ. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಕೊಳವೆಯ ವಾಟದ ಸೂತ್ರ ಕಲಿಸುತ್ತಾರೆ. ಅದು ಕಟ್ಟಿಕೊಂಡಾಗ ಇಳಿಯುವವರು ಯಾರು ಎಂಬುದು ಪಠ್ಯದಲ್ಲಿ ಇರುವುದಿಲ್ಲ.

ವಿಶ್ವೇಶ್ವರಯ್ಯನವರು ದೀರ್ಘ ಕಾಲ ಬಾಳಿದರು. 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದರು, ಅದರಲ್ಲಿ ಹೈದರಾಬಾದಿಗೂ ಜಾಗ ಕೊಟ್ಟಿದ್ದಾರೆ. ತಮ್ಮ ಬಗ್ಗೆ ಕಡಿಮೆ, ಅಡಿ ಅಂಗುಲಗಳ ಬಗ್ಗೆ ಹೆಚ್ಚು ಬರೆದ ಪುಸ್ತಕ. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಹೈದರಾಬಾದಿನ ಖೈರತಾಬಾದಿನಲ್ಲಿ ಎಂಜಿನಿಯರುಗಳ ಸಂಸ್ಥೆಯ ಕಟ್ಟಡಕ್ಕೆ ಅವರ ಹೆಸರಿದೆ.

ಅವರ ಕೆರೆಗಳ ಸುತ್ತ ಹತ್ತು ಕಿಲೋಮೀಟರ್ ಒಳಗೆ ದೊಡ್ಡ ಕಟ್ಟಡಗಳು, ಕಾರ್ಖಾನೆಗಳು ಬರಬಾರದೆಂದು 1996ರಲ್ಲಿ ಸರ್ಕಾರ 111ನೇ ಆದೇಶ ಹೊರಡಿಸಿತು, 84 ಹಳ್ಳಿಗಳಿಗೆ ಅದು ಅನ್ವಯಿಸಿತು. 2022ರಲ್ಲಿ ಆ ನಿರ್ಬಂಧಗಳನ್ನು ಸಡಿಲಿಸುವ ಆದೇಶ ಬಂತು. 2020ರ ಅಕ್ಟೋಬರ್‌ನ ರಾತ್ರಿ ಮಳೆಯಲ್ಲಿ ಹಿಮಾಯತ್ ಸಾಗರದ ಬಾಗಿಲು ತೆರೆದಾಗ ಮೂಸಿ ದಂಡೆಯ ಎಷ್ಟೋ ಮನೆಗಳವರು ಪಾತ್ರೆ ಪಗಡ ಎತ್ತಿಕೊಂಡು ಓಡಿದರು. ಹಿಂದೆ 788 ಕೆರೆಗಳ ಏರಿಯನ್ನು ನೋಡಿಕೊಳ್ಳದೆ ಊರು ಮುಳುಗಿತ್ತು, ಈಗ ಕೆರೆಗಳೇ ಇಲ್ಲವಾಗಿ ಮುಳುಗುತ್ತಿದೆ.

ಒಳಚರಂಡಿಯ ಕಥೆ ಇನ್ನೂ ನೇರ. 4.68 ಲಕ್ಷ ಜನಕ್ಕೆಂದು ಹಾಕಿದ ಅಳತೆಯ ಸುತ್ತ ಕೋಟಿಯ ಹತ್ತಿರ ಜನ ಬಂದು ನೆಲೆಸಿದ್ದಾರೆ, ಅವರಲ್ಲಿ ನಾವೂ ಸೇರಿದ್ದೇವೆ. ಅಂಬರ್‌ಪೇಟೆಯಲ್ಲಿ ದಿನಕ್ಕೆ 339 ದಶಲಕ್ಷ ಲೀಟರ್ ಕೊಳಚೆ ಶುದ್ಧಿ ಮಾಡುವ ಘಟಕವಿದೆ. ಅಲ್ಲಿಗೆ ಮುಟ್ಟದ ಕೊಳಚೆ ಮಳೆನೀರಿನ ನಾಲೆ ಹಿಡಿದು ಮೂಸಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇದೇ ತಿರುಗಿ, ಮನೆ ಮೇಲಿನ ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಜೋಡಿಸಿದ ಕಡೆಗಳಲ್ಲಿ ನೀರು ಉಕ್ಕಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ನಿಲ್ಲುತ್ತದೆ. ನಾಂಪಲ್ಲಿಯ ಕೆಳಗಲ್ಲಿಗಳಲ್ಲಿ ಆಗ ಹೆಂಗಸರು ಹೊಸ್ತಿಲಿಗೆ ಮರಳಿನ ಚೀಲ ಅಡ್ಡ ಇಟ್ಟು, ಕೊಳಾಯಿಯ ನೀರಿಗೆ ವಾಸನೆ ಬಂದಿದೆಯೇ ಎಂದು ಮೂಸಿ ನೋಡಿ, ಕುಡಿಯುವ ಬಿಂದಿಗೆಯನ್ನು ಬೇರೆ ಇಡುತ್ತಾರೆ.